ಸೋಲ್ ಅರಮನೆಯಂಗಳದ ಚಹಾ ಮತ್ತು ಸಿಹಿ: ಸಮಾಧಾನವಾಗಿ ಸವಿಯುವುದು ಹೇಗೆ?

ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಗ್ಯೊಂಗ್‌ಬೊಕ್‌ಗುಂಗ್ ಅರಮನೆಗೆ ಹೋಗುವ ಪ್ರವಾಸಿಗರು ಹೆಬ್ಬಾಗಿಲಲ್ಲಿ ಕಾವಲು ಬದಲಾಗುವುದನ್ನು ನೋಡುತ್ತಾರೆ, ಹನ್‌ಬೋಕ್ ಎಂಬ ಕೊರಿಯನ್ ಸಾಂಪ್ರದಾಯಿಕ ಉಡುಪನ್ನು ಬಾಡಿಗೆಗೆ ತೊಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ, ಸಿಂಹಾಸನದ ಸಭಾಂಗಣದವರೆಗೆ ನಡೆದು ಮರಳುತ್ತಾರೆ. ಪೂರ್ವ ಭಾಗದಲ್ಲಿರುವ ಅಡುಗೆಮನೆಗಳ ಕಡೆಗೆ ಕಾಲು ಹಾಕುವವರು ಕಡಿಮೆ. ರಾಜನ ನಿತ್ಯದ ಊಟಕ್ಕೆ ಒಂದು, ಔತಣಗಳಿಗೆ ಇನ್ನೊಂದು, ಚಹಾ, ಹಣ್ಣು, ಸಿಹಿತಿಂಡಿಗಳಿಗೆಂದೇ ಮತ್ತೊಂದು ಅಡುಗೆಮನೆ ಅಲ್ಲಿದ್ದವು. ಈ ಮೂರನೆಯದರ ಹೆಸರು ಸೆಂಗ್‌ಗ್ವಾಬಾಂಗ್. ಅರಮನೆ ಮೊದಲು ಕಟ್ಟಿದ್ದು 1395ರಲ್ಲಿ. 1592ರ ಜಪಾನಿ ದಾಳಿಯ ಕಾಲಕ್ಕೆ ಸುಟ್ಟುಹೋಗಿ, 1867ರಲ್ಲಿ ಮತ್ತೆ ಎದ್ದು ನಿಂತಿತು. ಆಮೇಲೆ ಜಪಾನಿನ ವಸಾಹತು ಆಳ್ವಿಕೆಯಲ್ಲಿ ಈ ಅಡುಗೆಮನೆಗಳನ್ನೂ ಕೆಡವಿದರು. ಈಗ ಕಾಣುವುದು 2015ರಲ್ಲಿ ಪುನರ್ನಿರ್ಮಿಸಿದ ಕಟ್ಟಡಗಳು. ಅಲ್ಲಿ ಕೂತು ಆ ಪರಂಪರೆಯ ಚಹಾ ಮತ್ತು ಸಿಹಿಯನ್ನು ಸವಿಯುವ ಅವಕಾಶ ಸಾಮಾನ್ಯರಿಗೂ ಇದೆ. ಅದಕ್ಕೆ ಸ್ವಲ್ಪ ತಯಾರಿ ಬೇಕು.

ಜಾಗ ಗೊತ್ತುಮಾಡಿಕೊಳ್ಳಿ

ನಿಮ್ಮ ಮುಂದೆ ಎರಡು ದಾರಿಗಳಿವೆ. ಒಂದು, ಈ ಸೆಂಗ್‌ಗ್ವಾಬಾಂಗ್. ಇದು ವರ್ಷವಿಡೀ ತೆರೆದಿರುವ ಹೋಟೆಲಲ್ಲ. ವಸಂತ ಮತ್ತು ಶರತ್ಕಾಲದಲ್ಲಿ ನಡೆಯುವ ಕಾರ್ಯಕ್ರಮ; ಜಾಗ ಮುಂಚಿತವಾಗಿಯೇ ಕಾಯ್ದಿರಿಸಬೇಕು, ಬೇಡಿಕೆಯೂ ವಿಪರೀತ. ಆದ್ದರಿಂದ ವಿಮಾನದ ಟಿಕೆಟ್ ತೆಗೆಸುವ ಮೊದಲೇ ಆ ಋತುವಿನ ದಿನಾಂಕಗಳು ಪ್ರಕಟವಾಗಿವೆಯೇ ಎಂದು ನೋಡಿಕೊಳ್ಳಿ. ಅರಮನೆಗೆ ಮಂಗಳವಾರ ರಜೆ. ಮೆಟ್ರೊದ 3ನೇ ಮಾರ್ಗದಲ್ಲಿ ಗ್ಯೊಂಗ್‌ಬೊಕ್‌ಗುಂಗ್ ನಿಲ್ದಾಣದಲ್ಲಿಳಿದು 5ನೇ ದ್ವಾರದಿಂದ ಹೊರಬಂದರೆ ಅರಮನೆಯ ಆವರಣವೇ ಸಿಗುತ್ತದೆ. ಹನ್‌ಬೋಕ್ ಉಟ್ಟವರಿಗೆ ಅರಮನೆಯ ಪ್ರವೇಶ ಉಚಿತ.

ಇನ್ನೊಂದು ದಾರಿ ಹನೋಕ್ ಎನ್ನುವ ಹಳೆಯ ಕಾಲದ ಮರದ ಮನೆಗಳಲ್ಲಿರುವ ಚಹಾಮನೆಗಳು. ಇನ್ಸಾದೊಂಗ್, ಬುಕ್‌ಚೋನ್, ಇಕ್‌ಸನ್‌ದೊಂಗ್ ಬಡಾವಣೆಗಳಲ್ಲಿ ಇಂಥವು ಸಾಲಾಗಿ ಸಿಗುತ್ತವೆ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಸಂಗ್‌ಬುಕ್‌ದೊಂಗ್‌ನ ಸುಯೋನ್‌ಸಾನ್‌ಬಾಂಗ್. ಕಾದಂಬರಿಕಾರ ಲೀ ತೇಜುನ್ 1933ರಲ್ಲಿ ಕಟ್ಟಿಸಿಕೊಂಡು 1946ರವರೆಗೆ ಬರೆಯುತ್ತ ಬದುಕಿದ ಮನೆ ಅದು. ಆಮೇಲೆ ಅವರು ಉತ್ತರ ಕೊರಿಯಾಕ್ಕೆ ಹೋದರು. ಅದಕ್ಕಾಗಿ ದಕ್ಷಿಣದಲ್ಲಿ ಅವರ ಕೃತಿಗಳ ಮೇಲೆ ಹೇರಿದ್ದ ನಿಷೇಧ ತೆರವಾಗಿದ್ದು 1988ರಲ್ಲಿ. ಒಬ್ಬ ಲೇಖಕನ ಹೆಸರನ್ನೇ ನಾಲ್ಕು ದಶಕ ಮುಚ್ಚಿಟ್ಟ ನಾಡಿನಲ್ಲಿ, ಅವರದೇ ಬಂಧುಗಳು ಆ ಮನೆಯನ್ನು ಉಳಿಸಿಕೊಂಡು ಬಾಗಿಲು ತೆರೆದಿಟ್ಟು ಬಂದವರಿಗೆ ಚಹಾ ಕೊಡುತ್ತಿದ್ದಾರೆ. ಇತಿಹಾಸವಿರುವ ಜಾಗ ಎಂದರೆ ನನ್ನ ಪಾಲಿಗೆ ಇದು. ಮೆಟ್ರೊದ 4ನೇ ಮಾರ್ಗದ ಹನ್‌ಸಂಗ್ ವಿಶ್ವವಿದ್ಯಾಲಯ ನಿಲ್ದಾಣದಲ್ಲಿಳಿದು ಅಲ್ಲಿಂದ ಬಸ್ಸು ಹಿಡಿಯಬೇಕು. ವಾರಾಂತ್ಯದಲ್ಲಿ ಸರದಿ ಉದ್ದ ಇರುತ್ತದೆ. ವಾರದ ನಡುವೆ ಬೆಳಿಗ್ಗೆಯೇ ಹೋಗಿ.

ಒಳಗೆ ಕಾಲಿಡುವಾಗ

ಚಪ್ಪಲಿ ಹೊಸ್ತಿಲಾಚೆ ಬಿಡಬೇಕು. ಕಾಲುಚೀಲ ಹಾಕಿಕೊಂಡು ಹೋಗಿ, ಬರಿಗಾಲು ಅಲ್ಲಿ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ನೆಲದ ಮೇಲೆ ಮೆತ್ತೆ, ಮುಂದೊಂದು ಗಿಡ್ಡ ಮೇಜು. ಚಕ್ಕಳಮಕ್ಕಳ ಹಾಕಿ ಕೂರುವ ರೂಢಿ ನಮಗಿರುವುದರಿಂದ ಕಷ್ಟವೇನಿಲ್ಲ. ಮೊಣಕಾಲು ನೋವಿದ್ದವರು ಕುರ್ಚಿ ಇರುವ ಕೋಣೆ ಇದೆಯೇ ಎಂದು ಮೊದಲೇ ಕೇಳಲಿ. ಚಳಿಗಾಲದಲ್ಲಿ ನೆಲವೇ ಬೆಚ್ಚಗಿರುತ್ತದೆ. ಒಂದೊಲ್ ಎಂಬ ನೆಲದಡಿಯ ಕಾವಿನ ವ್ಯವಸ್ಥೆ ಅದು. ಒಬ್ಬೊಬ್ಬರೂ ಒಂದೊಂದು ಪಾನೀಯ ತೆಗೆದುಕೊಳ್ಳಲೇಬೇಕೆಂಬ ನಿಯಮ ಹಲವು ಕಡೆ ಇದೆ. ಒಂದು ಬಟ್ಟಲಿಗೆ 10,000 ವಾನ್‌ಗಿಂತ ಹೆಚ್ಚು ಬೆಲೆ ಇರುವುದೂ ಸಾಮಾನ್ಯ. ಟಿಪ್ಸ್ ಕೊಡುವ ಪದ್ಧತಿ ಇಲ್ಲ.

ಯಾವ ಚಹಾ?

ಪಟ್ಟಿಯಲ್ಲಿರುವ ಹೆಚ್ಚಿನ ‘ಚಹಾ’ಗಳಲ್ಲಿ ಚಹಾ ಎಲೆಯೇ ಇರುವುದಿಲ್ಲ. ಅವು ಹಣ್ಣು, ಬೇರು, ತೊಗಟೆಗಳ ಕಷಾಯಗಳು. ದೇಚುಚಾ ಎಂದರೆ ಕೆಂಪು ಖರ್ಜೂರದಂತೆ ಕಾಣುವ ಜುಜುಬೆ ಹಣ್ಣನ್ನು ಗಂಟೆಗಟ್ಟಲೆ ಕುದಿಸಿ ಸೋಸಿದ ಗಟ್ಟಿ ಪಾನೀಯ. ಆ ಹಣ್ಣು ನಮ್ಮ ಎಲಚಿಯ ಹತ್ತಿರದ ಬಂಧು. ಓಮಿಜಾ ಎಂಬ ಕೆಂಪು ಹಣ್ಣಿಗೆ ಹುಳಿ, ಸಿಹಿ, ಕಹಿ, ಉಪ್ಪು, ಖಾರ ಈ ಐದೂ ರುಚಿ ಉಂಟೆನ್ನುತ್ತಾರೆ. ಅದನ್ನು ಕುದಿಸದೆ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ ಬಣ್ಣ ಇಳಿಸಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ಹೋದರೆ ಇದನ್ನೇ ಕೇಳಿ. ಸಂಗ್‌ಹ್ವಾಚಾ ಹಲವು ಗಿಡಮೂಲಿಕೆ ಹಾಕಿದ ಕಡುಕಪ್ಪು ಕಷಾಯ, ಕೆಲವೆಡೆ ಅದರ ಮೇಲೆ ಹಸಿ ಮೊಟ್ಟೆಯ ಹಳದಿ ತೇಲಿಬಿಡುತ್ತಾರೆ. ಮೊಟ್ಟೆ ತಿನ್ನದವರು ‘ನೋರುಂಜ ಪೆ ಜುಸೆಯೋ’ (ಹಳದಿ ಬೇಡ) ಎಂದು ಮೊದಲೇ ಹೇಳಿಬಿಡಿ.

ಆದರೆ ಮೊದಲ ಸಲ ಹೋದವರಿಗೆ ನಾನು ಹೇಳುವುದು ಹಸಿರು ಚಹಾ, ಅಂದರೆ ನೋಕ್‌ಚಾ. 828ರಲ್ಲಿ ಚೀನಾದಿಂದ ಮರಳಿದ ರಾಯಭಾರಿಯೊಬ್ಬರು ತಂದ ಬೀಜಗಳನ್ನು ರಾಜಾಜ್ಞೆಯಂತೆ ಜಿರಿ ಬೆಟ್ಟದಲ್ಲಿ ಬಿತ್ತಿದರೆಂದು ಹಳೆಯ ಚರಿತ್ರೆ ಹೇಳುತ್ತದೆ. ಆ ಬೆಟ್ಟದ ತಪ್ಪಲಿನ ಹಾದೊಂಗ್ ಇಂದಿಗೂ ಹೆಸರಾಂತ ಚಹಾನಾಡು. ಏಪ್ರಿಲ್ 20ರ ಸುಮಾರಿಗೆ ಬರುವ ಮಳೆಗೆ ಮುಂಚೆ ಕಿತ್ತ ಚಿಗುರು ‘ಉಜೊನ್’, ಎಲ್ಲಕ್ಕಿಂತ ದುಬಾರಿ. ಅದರ ಮುಂದಿನ ಕೊಯ್ಲು ‘ಸೆಜಾಕ್’ ರುಚಿಯಲ್ಲಿ ಏನೂ ಹಿಂದೆ ಬೀಳುವುದಿಲ್ಲ, ಜೇಬಿಗೂ ಹಗುರ.

ಬಸಿದು ಕುಡಿಯುವ ಕ್ರಮ

ನೋಕ್‌ಚಾ ಕೇಳಿದರೆ ಸಾಮಾನು ನಿಮ್ಮ ಮುಂದೆ ತಂದಿಟ್ಟು ಹೋಗಿಬಿಡುತ್ತಾರೆ: ಪುಟ್ಟ ಚಹಾ ಪಾತ್ರೆ, ಮೂತಿ ಇರುವ ಬಟ್ಟಲು, ಹಿಡಿ ಇಲ್ಲದ ಲೋಟಗಳು, ಚೆಲ್ಲುವ ನೀರಿಗೊಂದು ಪಾತ್ರೆ. ಗಾಬರಿ ಬೇಡ.

ಮೊದಲು ಬಿಸಿನೀರನ್ನು ಪಾತ್ರೆಗೂ ಲೋಟಗಳಿಗೂ ಹಾಕಿ ಬೆಚ್ಚಗೆ ಮಾಡಿ ಚೆಲ್ಲಿ. ಆಮೇಲೆ ಬೇಕಾದಷ್ಟು ಬಿಸಿನೀರನ್ನು ಮೂತಿಯ ಬಟ್ಟಲಿಗೆ ಸುರಿದು ಆರಲು ಬಿಡಿ. ಎಲ್ಲ ಗುಟ್ಟೂ ಇಲ್ಲಿದೆ. ಕೊತಕೊತ ಕುದಿಯುವ ನೀರು ಬಿದ್ದರೆ ಹಸಿರು ಚಹಾ ಕಹಿಯಾಗಿ ನಾಲಗೆ ಒಗರಾಗುತ್ತದೆ. 70 ಡಿಗ್ರಿ ಆಸುಪಾಸಿಗೆ ಇಳಿದ ನೀರಿನಲ್ಲಿ ಎಲೆ ತನ್ನ ಸಿಹಿಯನ್ನು ಬಿಟ್ಟುಕೊಡುತ್ತದೆ. ಬಟ್ಟಲನ್ನು ಅಂಗೈಯಲ್ಲಿ ಹಿಡಿದು ನೋಡಿ, ಸುಡದೆ ಹಿಡಿಯಲು ಬಂದರೆ ಹದ ಬಂದಿದೆ. ಒಬ್ಬರಿಗೆ 2 ಗ್ರಾಂ ಲೆಕ್ಕದಲ್ಲಿ ಎಲೆ ಹಾಕಿ ನೀರು ಸುರಿದು ಒಂದೆರಡು ನಿಮಿಷ ಬಿಡಿ. ಲೋಟಗಳಿಗೆ ಹಾಕುವಾಗ ಒಂದನ್ನೇ ತುಂಬಿಸಬೇಡಿ. ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಹಾಕುತ್ತ ಹೋಗಿ, ಕೊನೆಯ ಲೋಟದಿಂದ ಮತ್ತೆ ಮೊದಲಿನದಕ್ಕೆ ಮರಳಿ. ಆಗ ಎಲ್ಲರಿಗೂ ಒಂದೇ ಹದದ ಚಹಾ ಸಿಗುತ್ತದೆ. ಕೊನೆಯ ಹನಿಯವರೆಗೂ ಬಸಿಯಿರಿ. ನೀರು ಉಳಿದರೆ ಎಲೆ ಅಲ್ಲೇ ಬೆಂದು ಮುಂದಿನ ಸುತ್ತು ಕಹಿಯಾಗುತ್ತದೆ. ಇದೇ ಎಲೆಯಲ್ಲಿ ಎರಡು ಮೂರು ಸುತ್ತು ಧಾರಾಳವಾಗಿ ಆಗುತ್ತದೆ.

ಲೋಟವನ್ನು ಎರಡೂ ಕೈಯಲ್ಲಿ ಹಿಡಿಯಿರಿ. ಬಣ್ಣ ನೋಡಿ, ಪರಿಮಳ ಹೀರಿ, ಆಮೇಲೆ ಗುಟುಕು. ಹಾಲು, ಸಕ್ಕರೆ ಕೇಳಬೇಡಿ.

ಸಿಹಿ ಯಾವಾಗ, ಯಾವುದು?

ಮೊದಲ ಲೋಟವನ್ನು ಬರಿದೇ ಕುಡಿಯಿರಿ, ಸಿಹಿ ಎರಡನೆಯ ಸುತ್ತಿಗೆ. ಒಂದು ಚೂರು ಸಿಹಿ, ಅದು ಬಾಯಲ್ಲಿ ಕರಗಿದ ಮೇಲೆ ಒಂದು ಗುಟುಕು ಚಹಾ. ಕೊರಿಯನ್ ಸಿಹಿಗಳು ನಮ್ಮ ಸಿಹಿಗಳಷ್ಟು ಕಡುಸಿಹಿ ಇರುವುದಿಲ್ಲ. ಹಾಗೇ ತಿಂದರೆ ಸಪ್ಪೆ ಎನ್ನಿಸಬಹುದು, ಚಹಾದ ತೆಳುಗಹಿಯ ಜೊತೆ ಅವು ಅರಳುತ್ತವೆ. ಜುಜುಬೆಯಂಥ ಸಿಹಿ ಪಾನೀಯ ತೆಗೆದುಕೊಂಡರೆ ಜೊತೆಗೆ ಅಕ್ಕಿಯ ಕಡುಬು ಸಾಕು, ಜೇನಿನ ತಿಂಡಿ ಬೇಡ.

ಹಸಿರು ಚಹಾದ ಹುಟ್ಟು ಜೊತೆಗಾರ ದಾಸಿಕ್. ಹುರಿದ ಕರಿಎಳ್ಳಿನ ಪುಡಿ, ಸೋಯಾ ಹಿಟ್ಟು, ಪೈನ್ ಹೂವಿನ ಹಳದಿ ಪರಾಗ ಇವನ್ನು ಬೇರೆ ಬೇರೆಯಾಗಿ ಜೇನಿನಲ್ಲಿ ಕಲಸಿ ಮರದ ಅಚ್ಚಿಗೆ ಒತ್ತಿ ತೆಗೆಯುತ್ತಾರೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡಿದ ಮನೆಯವರಿಗೆ ಆ ಮರದ ಅಚ್ಚು ನೋಡಿದೊಡನೆ ಗುರುತು ಹತ್ತುತ್ತದೆ. ಇಲ್ಲಿ ಪಾಕ ಎರೆಯುವುದಿಲ್ಲ, ಒಲೆಯೂ ಬೇಡ, ಬೆರಳಿನ ಒತ್ತಡವೇ ಎಲ್ಲ. ಹೂವು, ಆಯುಸ್ಸು, ಭಾಗ್ಯ ಕೋರುವ ಅಕ್ಷರಗಳು ಮೇಲೆ ಮೂಡಿರುತ್ತವೆ.

ಯಾಕ್‌ಗ್ವಾ ಎಂಬುದು ಗೋಧಿಹಿಟ್ಟಿಗೆ ಎಳ್ಳೆಣ್ಣೆ, ಜೇನು, ಶುಂಠಿರಸ ಸೇರಿಸಿ ಸಣ್ಣ ಉರಿಯಲ್ಲಿ ಕರಿದು ಪಾಕದಲ್ಲಿ ನೆನೆಸಿದ ತಿಂಡಿ. ಇಂಥ ಎಣ್ಣೆ–ಜೇನಿನ ತಿಂಡಿಗಳ ವೈಭವ ಎಷ್ಟು ಅತಿಯಾಗಿತ್ತೆಂದರೆ, ಆಗ ಕೊರಿಯಾ ಆಳುತ್ತಿದ್ದ ಗೋರ್ಯೊ ವಂಶದ ಅರಸರು 1192ರಲ್ಲಿ ಅವನ್ನು ನಿಷೇಧಿಸಿ ಹಣ್ಣು ಬಳಸಿರೆಂದು ಆಜ್ಞೆ ಹೊರಡಿಸಿದ್ದರು. ಒಣ ಪರ್ಸಿಮನ್ ಹಣ್ಣಿನೊಳಗೆ ಆಕ್ರೋಟು ಸುತ್ತಿ ಬಿಲ್ಲೆ ಕತ್ತರಿಸಿದ ಗೊತ್‌ಗಾಮ್‌ಸಾಮ್, ಜೇನಿನಲ್ಲಿ ಬೇಯಿಸಿದ ತಾವರೆ ಬೇರಿನ ಜೊಂಗ್‌ಗ್ವಾ ಸಿಕ್ಕರೆ ಬಿಡಬೇಡಿ. ಸಸ್ಯಾಹಾರಿಗಳಿಗೆ ಈ ತಟ್ಟೆ ಬಹುಪಾಲು ನಿಶ್ಚಿಂತೆಯದು. ಯಾಕ್‌ಗ್ವಾ ಹಿಟ್ಟಿಗೆ ತುಸು ಅಕ್ಕಿಮದ್ಯ ಬೆರೆಸುವುದುಂಟು, ಬೇಡದವರು ವಿಚಾರಿಸಿಕೊಳ್ಳಿ.

ಊರಲ್ಲೇ ಮಾಡಿ ನೋಡುವುದಾದರೆ

ಮನೆಯಲ್ಲಿ ಸುಲಭವಾಗಿ ಒಗ್ಗುವುದು ಸುಜೊಂಗ್‌ಗ್ವಾ, ಅಂದರೆ ಶುಂಠಿ–ಚಕ್ಕೆಯ ತಂಪು ಪಾನೀಯ. 100 ಗ್ರಾಂ ಶುಂಠಿಯನ್ನು ಬಿಲ್ಲೆ ಮಾಡಿ ಒಂದೂವರೆ ಲೀಟರ್ ನೀರಿನಲ್ಲಿ, 50 ಗ್ರಾಂ ಚಕ್ಕೆಯನ್ನು ಅಷ್ಟೇ ನೀರಿನಲ್ಲಿ ಬೇರೆ ಪಾತ್ರೆಯಲ್ಲಿ 40 ನಿಮಿಷ ಸಣ್ಣಗೆ ಕುದಿಸಿ. ಒಟ್ಟಿಗೆ ಕುದಿಸಿದರೆ ಒಂದರ ಘಮ ಇನ್ನೊಂದನ್ನು ನುಂಗುತ್ತದೆ. ಎರಡನ್ನೂ ಸೋಸಿ ಬೆರೆಸಿ, ರುಚಿಗೆ ಸಕ್ಕರೆ ಹಾಕಿ ಇನ್ನೊಂದು ಕುದಿ ಬರಿಸಿ, ಆರಿಸಿ ಫ್ರಿಜ್‌ನಲ್ಲಿಡಿ. ಒಣ ಪರ್ಸಿಮನ್ ಸಿಕ್ಕರೆ ಬಡಿಸುವ ಕೆಲವು ಗಂಟೆ ಮೊದಲಷ್ಟೇ ಹಾಕಿ. ಇನ್ನೂ ಮುಂಚೆ ಹಾಕಿದರೆ ಹಣ್ಣು ಕರಗಿ ಪಾನೀಯ ಬಗ್ಗಡವಾಗುತ್ತದೆ. ಬಟ್ಟಲಿಗೆ ಹಾಕಿದ ಮೇಲೆ ನಾಲ್ಕು ಚಿಲ್‌ಗೋಜಾ (ಪೈನ್ ಬೀಜ) ತೇಲಿಬಿಡಿ.