ದೊಡ್ಡ ಟೈರ್ ಹಾಕಿಸಿದಿರಾ? ಕ್ರೌನ್-ಪಿನಿಯನ್ ಬದಲಿಸುವುದು ಹೀಗೆ

ಸಕಲೇಶಪುರ, ಮೂಡಿಗೆರೆ ಕಡೆ ಎಸ್ಟೇಟ್ ಜೀಪಿಗೆ ದೊಡ್ಡ ಟೈರ್ ಹಾಕಿಸುವವರು ಬಹಳ ಜನ. ಆಮೇಲೆ ‘ಪುಲ್ಲಿಂಗ್ ಇಲ್ಲ, ಏರಿನಲ್ಲಿ ಕ್ಲಚ್ ವಾಸನೆ ಬರುತ್ತೆ’ ಅನ್ನುತ್ತಾರೆ. ಪಾಪ, ಎಂಜಿನ್ ಏನು ಮಾಡೀತು? ಟೈರ್ ದೊಡ್ಡದಾದರೆ ಚಕ್ರದ ಪ್ರತಿ ಸುತ್ತಿಗೂ ಅದು ಹೆಚ್ಚು ತಿಣುಕಬೇಕು. ಇದಕ್ಕೆ ಮದ್ದು ಆಕ್ಸಲ್‌ನೊಳಗಿನ ಕ್ರೌನ್ ವೀಲ್ (ದೊಡ್ಡ ಹಲ್ಲುಗಾಲಿ) ಮತ್ತು ಅದನ್ನು ತಿರುಗಿಸುವ ಪಿನಿಯನ್ (ಚಿಕ್ಕ ಹಲ್ಲುಗಾಲಿ) ಬದಲಿಸುವುದು.

ಮೊದಲು ಲೆಕ್ಕ. ಕ್ರೌನ್ ಹಲ್ಲನ್ನು ಪಿನಿಯನ್ ಹಲ್ಲಿನಿಂದ ಭಾಗಿಸಿದರೆ ರೇಷಿಯೊ ಸಿಗುತ್ತದೆ. ಯುದ್ಧಕಾಲದ ವಿಲ್ಲೀಸ್ ಎಂಬಿ ಜೀಪಿನಲ್ಲಿ 39ಕ್ಕೆ 8, ಅಂದರೆ 4.88 ಇತ್ತು. 1945ರಲ್ಲಿ ಹೊಲದ ಕೆಲಸಕ್ಕೆಂದು ಬಂದ ಸಿಜೆ-2ಎಗೆ 43ಕ್ಕೆ 8, ಅಂದರೆ 5.38 ಕೊಟ್ಟರು. ಅಂಕಿ ದೊಡ್ಡದಾದಷ್ಟೂ ಎಳೆತ ಜಾಸ್ತಿ, ವೇಗ ಕಡಿಮೆ. ನಿಮ್ಮದು 3.73 ಇದ್ದು, 28 ಇಂಚಿನ ಟೈರ್ ತೆಗೆದು 31 ಹಾಕಿದ್ದೀರಿ ಎನ್ನಿ. 3.73 ಅನ್ನು 31ರಿಂದ ಗುಣಿಸಿ 28ರಿಂದ ಭಾಗಿಸಿದರೆ 4.13. ಅಂಗಡಿಯಲ್ಲಿ ಸಿಗುವ ಹತ್ತಿರದ ಸೆಟ್ 4.11.

ಹಿಂದಿನ ಆಕ್ಸಲ್ ಮಾತ್ರ ಬದಲಿಸಿ ‘ಮುಂದಿನದು ಆಮೇಲೆ ನೋಡೋಣ’ ಅನ್ನಬೇಡಿ. ಎರಡೂ ಒಂದೇ ರೇಷಿಯೊ ಇರಬೇಕು. ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ತಕ್ಷಣ ಮುಂದು ಹಿಂದು ಜಗ್ಗಾಡಿ, ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಕೈಕೊಡುತ್ತದೆ.

ಕ್ರೌನ್, ಪಿನಿಯನ್ ಎರಡರ ಮೇಲೂ ಒಂದೇ ಜೋಡಿ ನಂಬರ್ ಕೆತ್ತಿರಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ಬೇರೆಲ್ಲೇ ಆಗಲಿ, ಕೈಯಲ್ಲಿ ಹಿಡಿದು ಓದಿಯೇ ದುಡ್ಡು ಕೊಡಿ. ಒಂದು ಗಾಡಿಯ ಕ್ರೌನಿಗೆ ಇನ್ನೊಂದರ ಪಿನಿಯನ್ ಸೇರಿಸಿದ ‘ಸೆಟ್’ ಪುಕ್ಕಟೆ ಕೊಟ್ಟರೂ ಬೇಡ. ಡಾನಾ 44 ಆಕ್ಸಲ್ ಆದರೆ ಇನ್ನೊಂದು ಮಾತು: ಕ್ರೌನ್ ಕೂರಿಸುವ ಡಿಫರೆನ್ಷಿಯಲ್ ಕೇಸ್ 3.73ರವರೆಗೆ ಒಂದು ಬಗೆ, 3.92 ಮತ್ತು ಮೇಲಕ್ಕೆ ಬೇರೆ ಕೇಸ್. ಆ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳಿ.

ಬಿಚ್ಚುವುದು ಗೊತ್ತಿರುವ ಕೆಲಸವೇ: ಆಯಿಲ್ ಇಳಿಸಿ, ಆಕ್ಸಲ್ ಶಾಫ್ಟ್ ಎಳೆದು, ಡಿಫರೆನ್ಷಿಯಲ್ ಹೊರಗೆ ತೆಗೆಯಿರಿ. ಬೇರಿಂಗ್ ಕ್ಯಾಪ್‌ಗಳಿಗೆ ಎಡ-ಬಲ ಪಂಚ್ ಗುರುತು ಹಾಕಲು ಮಾತ್ರ ಮರೆಯಬೇಡಿ, ಅವು ಅದಲುಬದಲಾಗಬಾರದು. ಹೊಸ ಕ್ರೌನಿಗೆ ಹೊಸ ಬೋಲ್ಟ್, ಥ್ರೆಡ್ ಲಾಕ್ ಹಚ್ಚಿ, ಎದುರುಬದುರಾಗಿ ಬಿಗಿಯಿರಿ.

ಮುಂದಿನದು ನಿಜವಾದ ಕೆಲಸ. ಪಿನಿಯನ್ ಎಷ್ಟು ಒಳಗೆ ಕೂರಬೇಕು ಎಂಬುದನ್ನು ಅದರ ತಲೆಯ ಬೇರಿಂಗ್ ಹತ್ತಿರದ ಶಿಮ್ (ತೆಳು ಲೋಹದ ಬಿಲ್ಲೆ) ನಿರ್ಧರಿಸುತ್ತದೆ. ಹಳೆ ಶಿಮ್‌ನಿಂದಲೇ ಶುರು ಮಾಡಿ, ಆದರೆ ಅದನ್ನೇ ನಂಬಿ ಮುಚ್ಚಿಬಿಡಬೇಡಿ. ಅಳತೆ ಸರಿಬರುವವರೆಗೆ ಬಳಸಲು ಹಳೆ ಬೇರಿಂಗ್‌ನ ಒಳತೂತನ್ನು ಎಮರಿ ಕಾಗದದಲ್ಲಿ ಸ್ವಲ್ಪ ಉಜ್ಜಿ ಸಡಿಲ ಮಾಡಿಕೊಳ್ಳಿ. ಶಿಮ್ ಬದಲಿಸುವಾಗಲೆಲ್ಲ ಪ್ರೆಸ್ ಹುಡುಕುವ ಗೋಳು ತಪ್ಪುತ್ತದೆ. ನಂತರ ಡಯಲ್ ಗೇಜ್ ಇಟ್ಟು ಬ್ಯಾಕ್‌ಲ್ಯಾಶ್, ಅಂದರೆ ಎರಡರ ಹಲ್ಲುಗಳ ನಡುವಿನ ಸಡಿಲ, ನೋಡಿ. ಹೆಚ್ಚಿನ ಆಕ್ಸಲ್‌ಗಳಲ್ಲಿ 0.15ರಿಂದ 0.25 ಮಿ.ಮೀ. ಸರಿ. ಜಿಪ್ಸಿಯಲ್ಲಿ ಪಕ್ಕದ ಅಡ್ಜಸ್ಟರ್ ತಿರುಗಿಸಿದರಾಯಿತು, ಜೀಪಿನಲ್ಲಿ ಪಕ್ಕದ ಬೇರಿಂಗ್‌ಗಳ ಶಿಮ್ ಆಚೀಚೆ ಮಾಡಬೇಕು. ‘ಕೈಯಲ್ಲಿ ಅಲ್ಲಾಡಿಸಿದ್ರೆ ಗೊತ್ತಾಗುತ್ತೆ ಸಾರ್’ ಎನ್ನುವ ಮೇಸ್ತ್ರಿಗೆ ಈ ಕೆಲಸ ಕೊಡಬೇಡಿ.

ಈಗ ನಾಲ್ಕೈದು ಹಲ್ಲಿಗೆ ಪ್ರಷ್ಯನ್ ಬ್ಲೂ (ಗುರುತು ನೋಡುವ ನೀಲಿ ಪೇಸ್ಟ್) ತೆಳ್ಳಗೆ ಹಚ್ಚಿ. ಕ್ರೌನಿಗೆ ಬಟ್ಟೆ ಒತ್ತಿಹಿಡಿದು ಭಾರ ಕೊಡುತ್ತಾ ಪಿನಿಯನ್ನನ್ನು ಎರಡೂ ಕಡೆಗೆ ತಿರುಗಿಸಿ. ಬಣ್ಣ ಅಳಿಸಿಹೋದ ಗುರುತು ಹಲ್ಲಿನ ಬುಡಕ್ಕೂ ತುದಿಗೂ ನಡುವೆ ಕೂರಬೇಕು. ಬುಡಕ್ಕೆ ಇಳಿದಿದ್ದರೆ ಪಿನಿಯನ್ ಜಾಸ್ತಿ ಒಳಗಿದೆ, ಶಿಮ್ ತೆಳ್ಳಗೆ ಮಾಡಿ. ತುದಿಗೆ ಏರಿದ್ದರೆ ದಪ್ಪ ಮಾಡಿ. ಮೊದಲು 0.1 ಮಿ.ಮೀ. ಬದಲಿಸಿ ಗುರುತು ಯಾವ ಕಡೆ ಸರಿಯಿತು ನೋಡಿ, ಆಮೇಲೆ 0.05ರ ಲೆಕ್ಕದಲ್ಲಿ ಹೋಗಿ. ಪ್ರತಿ ಸಲವೂ ಬ್ಯಾಕ್‌ಲ್ಯಾಶ್ ಮತ್ತೆ ಹೊಂದಿಸಲೇಬೇಕು. ಬೇಜಾರಿನ ಕೆಲಸ, ನಿಜ. ಆದರೆ ಅರ್ಧಕ್ಕೆ ಬಿಟ್ಟ ಗಾಡಿಯ ಹೌಸಿಂಗ್ ಅರವತ್ತರ ವೇಗ ದಾಟಿದರೆ ಕೂಗುತ್ತದೆ.

ಗುರುತು ಸರಿಬಂದ ಮೇಲೆ ಹೊಸ ಬೇರಿಂಗ್, ಹೊಸ ಸೀಲ್ ಹಾಕಿ. ಕೆಲವು ಆಕ್ಸಲ್‌ನಲ್ಲಿ ಪಿನಿಯನ್‌ನ ಎರಡು ಬೇರಿಂಗ್ ನಡುವೆ, ನಟ್ ಬಿಗಿದಾಗ ಕುಗ್ಗುವ ತೋಳು ಇರುತ್ತದೆ, ಕ್ರಶ್ ಸ್ಲೀವ್. ಇದಕ್ಕೆ ಏರ್ ಗನ್ ಮುಟ್ಟಿಸಲೇಬೇಡಿ. ಉದ್ದದ ರಾಡ್ ಹಾಕಿ ನಟ್ಟನ್ನು ಚೂರುಚೂರೇ ಬಿಗಿಯಿರಿ. ಕ್ರೌನ್ ಕೂರಿಸುವ ಮೊದಲೇ, ಪಿನಿಯನ್ ತುದಿಯ ಫ್ಲೇಂಜಿಗೆ ದಾರ ಸುತ್ತಿ ಸ್ಪ್ರಿಂಗ್ ತಕ್ಕಡಿಯಲ್ಲಿ ಎಳೆದರೆ ಪ್ರೀಲೋಡ್ (ಬೇರಿಂಗ್ ಎಷ್ಟು ಬಿಗಿಯಾಗಿದೆ) ತಿಳಿಯುತ್ತದೆ: ನಡುವಿನಿಂದ 5 ಸೆಂ.ಮೀ. ದೂರದಲ್ಲಿ 4 ಕೆ.ಜಿ. ಎಳೆತ ಅಂದರೆ ಸುಮಾರು 2 ನ್ಯೂಟನ್ ಮೀಟರ್. ನಿಮ್ಮ ಗಾಡಿಗೆ ಎಷ್ಟು ಬೇಕು ಎಂಬುದು ವರ್ಕ್‌ಶಾಪ್ ಕೈಪಿಡಿಯಲ್ಲಿದೆ. ಮೀರಿಹೋದರೆ ನಟ್ ಸಡಿಲಿಸಿ ಸುಮ್ನೆ ಇರುವ ಹಾಗಿಲ್ಲ, ಹೊಸ ತೋಳೇ ಹಾಕಬೇಕು. ಆದ್ದರಿಂದ ಎರಡು ತಂದಿಟ್ಟುಕೊಳ್ಳಿ. ತೋಳಿನ ಬದಲು ಹಾಕುವ, ಕುಗ್ಗದ ಗಟ್ಟಿ ಸ್ಪೇಸರ್ ಸಿಕ್ಕರೆ ನಾನಂತೂ ತೋಳಿನ ಕಡೆ ನೋಡುವುದೂ ಇಲ್ಲ. ಎಲ್ಲ ಬಿಗಿದ ಮೇಲೆ ಬ್ಲೂ ಗುರುತು ಇನ್ನೊಮ್ಮೆ ನೋಡಿ.

ಜಿಎಲ್-5 ದರ್ಜೆಯ ಗೇರ್ ಆಯಿಲ್ ತುಂಬಿ. ಬಿಡಿ ಡ್ರಮ್ಮಿನಿಂದ ಸುರಿದು ಕೊಡುವ ಆಯಿಲ್ ಬೇಡ. ಮೊದಲ 25-30 ಕಿ.ಮೀ. ಮೆಲ್ಲಗೆ ಓಡಿಸಿ, ಅರ್ಧ ಗಂಟೆ ಆರಲು ಬಿಡಿ. ಹೀಗೇ ಇನ್ನೆರಡು ಸಲ. 800 ಕಿ.ಮೀ. ಆಗುವವರೆಗೆ ಟ್ರೈಲರ್ ಎಳೆಯಬೇಡಿ, ಕಾಫಿ ಮೂಟೆ ಹೇರಬೇಡಿ. ಆಮೇಲೆ ಆಯಿಲ್ ಬದಲಿಸುವಾಗ ಇಳಿದದ್ದನ್ನು ಬೆರಳ ನಡುವೆ ಉಜ್ಜಿ ನೋಡಿ. ನುಣ್ಣನೆಯ ಬೂದು ಪೇಸ್ಟ್ ಇದ್ದರೆ ಚಿಂತೆಯಿಲ್ಲ. ಚುಚ್ಚುವ ಚೂರು ಸಿಕ್ಕಿದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಮತ್ತೆ ಬಿಚ್ಚಿ.