ಜರ್ಮನಿಗೆ ಓದಲು ಹೊರಟವರಿಗೆ: ಊರು ಆರಿಸೋ ಮುಂಚೆ

ಈ ಸಲ ರಜಕ್ಕೆ ಮಂಡ್ಯಕ್ಕೆ ಬಂದಾಗ ಪಾಂಡವಪುರದ ಕಡೆಯ ಒಬ್ಬ ಹುಡುಗ ಅವರಪ್ಪನ ಜೊತೆ ಮನೆಗೆ ಬಂದಿದ್ದ. ಮೈಸೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿದ್ದಾನೆ. ಜರ್ಮನಿಯಿಂದ ಎರಡು ಅಡ್ಮಿಷನ್ ಪತ್ರ ಬಂದಿವೆ. ಒಂದು ಮ್ಯೂನಿಕ್, ಇನ್ನೊಂದು ಇಲ್ಮೆನಾವ್. ಅಮ್ಮ ಕೊಟ್ಟ ಕಾಫಿ ಲೋಟ ಕೆಳಗಿಟ್ಟು ಅವರಪ್ಪ ಕೇಳಿದರು, "ಎರಡ್ರಲ್ಲಿ ಯಾವ್ದಪ್ಪ ದೊಡ್ಡೂರು? ಅಲ್ಲಿಗೇ ಓಗ್ಲಿ."

2014ರಲ್ಲಿ ನಮ್ಮಪ್ಪ ಕೇಳಿದ್ದೂ ಇದೇ ಮಾತು. ನನಗೂ ಆಗ ಎರಡು ಊರಿನಲ್ಲಿ ಸೀಟು ಸಿಕ್ಕಿತ್ತು. ಇಲ್ಮೆನಾವ್‌ನಲ್ಲಿ ಒಳ್ಳೆಯ ಟೆಕ್ನಿಕಲ್ ಯೂನಿವರ್ಸಿಟಿ ಇದೆ, ಸುತ್ತ ಗುಡ್ಡ, ಕಾಡು. ಜನ ಮಾತ್ರ 40 ಸಾವಿರಕ್ಕಿಂತ ಕಡಿಮೆ. 2011ರ ಜನಗಣತಿಯಲ್ಲಿ ನಮ್ಮ ಮಂಡ್ಯದಲ್ಲೇ 1 ಲಕ್ಷ 37 ಸಾವಿರ ಜನ ಇದ್ದರು. ಮಂಡ್ಯಕ್ಕಿಂತ ಚಿಕ್ಕ ಊರಿಗೆ ಹೋಗೋಕೆ ಇಷ್ಟೊಂದು ಸಾಲ ಮಾಡಬೇಕಾ ಅಂತ ಮಾವ ಕೇಳಿದರು. ನನಗೂ ಹಾಗೇ ಅನ್ನಿಸಿತು. ಮ್ಯೂನಿಕ್ ಅಂದರೆ ಎಲ್ಲರಿಗೂ ಗೊತ್ತಾಗುತ್ತೆ ಅಲ್ವಾ? ಅಪ್ಪ ಸೊಸೈಟಿ ಹತ್ತಿರ ನಿಂತು ನಾಲ್ಕು ಜನಕ್ಕೆ ಹೇಳಬಹುದು. ಅಷ್ಟೇ ಕಾರಣಕ್ಕೆ ಮ್ಯೂನಿಕ್ ಆರಿಸಿಕೊಂಡೆ. ಬಾಡಿಗೆ ಎಷ್ಟು ಅಂತ ಒಂದು ದಿನವೂ ಕೂತು ಲೆಕ್ಕ ಹಾಕಲಿಲ್ಲ.

ಮೊದಲ ತಪ್ಪು ಊರಿನಲ್ಲಿದ್ದಾಗಲೇ ಆಯಿತು. ಕೋಣೆ ಸಿಗದೆ ಗಾಬರಿಯಾಗಿದ್ದೆ. ಇಂಟರ್‌ನೆಟ್‌ನಲ್ಲಿ ಒಬ್ಬರು ಚೆಂದದ ಕೋಣೆಯ ಫೋಟೋ ಹಾಕಿದ್ದರು. ತಾನು ಬೇರೆ ದೇಶದಲ್ಲಿದ್ದೇನೆ, ಅಡ್ವಾನ್ಸ್ ಕಳಿಸಿದರೆ ಬೀಗದ ಕೈ ಅಂಚೆಯಲ್ಲಿ ಬರುತ್ತದೆ ಅಂದರು. ಕಳಿಸಿದೆ. ಆ ಕೋಣೆಯೇ ಇರಲಿಲ್ಲ. ಅಪ್ಪ ಆಲೆಮನೆಗೆ ಕಬ್ಬು ಹಾಕಿ ತಂದ ದುಡ್ಡದು. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಈಗಲೂ ಇದೇ ಮೋಸ ನಡೆಯುತ್ತಿದೆ, ನಮ್ಮ ಹುಡುಗರು ಈಗಲೂ ಸಿಕ್ಕಿಬೀಳುತ್ತಿದ್ದಾರೆ. ಕೋಣೆಯನ್ನು ನೀವೋ ನಿಮ್ಮ ಪರಿಚಯದವರೋ ಕಣ್ಣಾರೆ ನೋಡದೆ ಒಂದು ಯೂರೋ ಕೂಡ ಕಳಿಸಬೇಡಿ. ನೋಡಿದ ಮೇಲೂ ಅಡ್ವಾನ್ಸ್ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ, ಅಂದರೆ ಹೀಟರ್ ನೀರಿನ ಖರ್ಚು ಸೇರದ ಬರೀ ಬಾಡಿಗೆಯ ಮೂರರಷ್ಟಕ್ಕಿಂತ, ಜಾಸ್ತಿ ಕೇಳುವ ಹಾಗಿಲ್ಲ. ಅದು ಅಲ್ಲಿನ ಕಾನೂನು.

ಈಗ ಲೆಕ್ಕಕ್ಕೆ ಬರೋಣ. ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆಯಲ್ಲಿ, ದುಡ್ಡು ಇಡಬೇಕು ಅನ್ನೋದು ನಿಮಗೆ ಗೊತ್ತೇ ಇದೆ. 2024ರ ಸೆಪ್ಟೆಂಬರ್‌ನಿಂದ ಅದು ವರ್ಷಕ್ಕೆ 11,904 ಯೂರೋ. ನಿಮ್ಮ ಕೈಗೆ ಬರೋದು ತಿಂಗಳಿಗೆ 992. ಮ್ಯೂನಿಕ್‌ನಲ್ಲಿ ನಾಲ್ಕು ಜನ ಹಂಚಿಕೊಂಡ ಮನೆಯ ಒಂದು ಕೋಣೆಗೇ 700-800 ಕೇಳುತ್ತಾರೆ. ಹೆಲ್ತ್ ಇನ್ಶೂರೆನ್ಸ್‌ಗೆ ಸುಮಾರು 140-150. ಇನ್ನೇನು ಉಳಿಯಿತು? ಅದೇ ಕೆಮ್ನಿಟ್ಸ್‌ನಲ್ಲೋ ಮಾಗ್ಡೆಬುರ್ಗ್‌ನಲ್ಲೋ 300ರ ಆಸುಪಾಸಿಗೆ ಕೋಣೆ ಸಿಗುತ್ತದೆ. ಕೈಯಲ್ಲಿ 500ಕ್ಕೂ ಜಾಸ್ತಿ ಉಳಿಯುತ್ತದೆ. ಯಾವ ಕಡೆಯೂ ಫೀಸು ಇಲ್ಲ ಅಂದುಕೊಂಡೂ ಕೂರಬೇಡಿ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ ಕೂಡ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಹೊಸದಾಗಿ ಸೇರುವ ನಮ್ಮಂಥವರಿಗೆ ಸೆಮಿಸ್ಟರ್‌ಗೆ 2,000ದಿಂದ 6,000 ಯೂರೋವರೆಗೆ ಫೀಸು ಇಟ್ಟಿದೆ.

ಉಳಿಯುವ ದುಡ್ಡಿನ ಬಗ್ಗೆ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ನನ್ನನ್ನು ಸಾಕಿದ್ದು ಅಜ್ಜಿ. ನನ್ನ ಎರಡನೇ ವರ್ಷದ ನವೆಂಬರ್‌ನಲ್ಲಿ ತೀರಿಕೊಂಡರು. ಆಗ ರಾತ್ರಿ ಗೋಡೌನ್‌ನಲ್ಲಿ ಪೆಟ್ಟಿಗೆ ಎತ್ತುವ ಕೆಲಸ ಮಾಡುತ್ತಿದ್ದೆ, ಒಂದು ಪರೀಕ್ಷೆ ಫೇಲಾಗಿದ್ದೆ. ದುಡಿದದ್ದೆಲ್ಲ ಬಾಡಿಗೆಗೇ ಹೋಗುತ್ತಿತ್ತು. ಊರಿಗೆ ಬರುವ ಟಿಕೆಟ್ಟಿಗೆ ಬೇಕಾದ ಅರ್ಧ ದುಡ್ಡೂ ಖಾತೆಯಲ್ಲಿ ಇರಲಿಲ್ಲ. ಅಪ್ಪನನ್ನು ಕೇಳೋಕೆ ಬಾಯಿ ಬರಲಿಲ್ಲ. ಗದ್ದೆ ಬದಿಯಲ್ಲಿ ಮಣ್ಣು ಮಾಡಿದ್ದನ್ನು ತಮ್ಮ ಕಳಿಸಿದ ಫೋಟೋದಲ್ಲಿ ನೋಡಿದೆ. ಇಲ್ಮೆನಾವ್‌ಗೆ ಹೋಗಿದ್ದರೆ ಬರಬಹುದಿತ್ತು. ಆ ಲೆಕ್ಕವನ್ನು ನಾನು ಎಷ್ಟೋ ಸಲ ಹಾಕಿದ್ದೇನೆ.

ಹಾಗಂತ ಚಿಕ್ಕ ಊರೇ ಸರಿ ಅಂತ ಹೇಳಿಬಿಡೋಕೂ ಆಗಲ್ಲ. ಆ ತಪ್ಪನ್ನೂ ನಾನು ಮಾಡಿದ್ದೇನೆ, ಅದೂ ಬೇರೆಯವರ ಬದುಕಿನಲ್ಲಿ. ಕುವೆಂಪುನಗರದ ಒಬ್ಬ ಹುಡುಗಿ ಕೇಳಿದಾಗ, ಬೇರೆ ಯೋಚನೆಯೇ ಬೇಡಮ್ಮ, ಬಾಡಿಗೆ ಕಡಿಮೆ ಇರುವ ಸಣ್ಣ ಊರಿಗೆ ಹೋಗು ಅಂದಿದ್ದೆ. ಅವಳಿಗೆ ಜರ್ಮನ್ ಬರುತ್ತಿರಲಿಲ್ಲ. ಆ ಊರಿನಲ್ಲಿ ಭಾಷೆ ಬಾರದವರಿಗೆ ಪಾರ್ಟ್ ಟೈಮ್ ಕೆಲಸ ಎಲ್ಲಿಂದ ಸಿಗಬೇಕು? ವರ್ಷಕ್ಕೆ 140 ಪೂರ್ತಿ ದಿನ ಇಲ್ಲಾ 280 ಅರ್ಧ ದಿನ ಕೆಲಸ ಮಾಡಬಹುದು ಅಂತ ಕಾನೂನು ಹೇಳುತ್ತದೆ. ಆದರೆ ಕೆಲಸ ಇದ್ದರೆ ತಾನೆ? ಭಾನುವಾರ ಅಂಗಡಿ ಬಾಗಿಲು ಮುಚ್ಚಿರುತ್ತವೆ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಎರಡು ದಿನ ಯಾರ ಜೊತೆಗೂ ಮಾತಾಡಿಲ್ಲ ಅಣ್ಣ ಅಂತ ಒಂದು ಸೋಮವಾರ ಫೋನ್‌ನಲ್ಲಿ ಅತ್ತಳು. ಸಂಜೆಯಾದರೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಗೆಳತಿಯರ ಜೊತೆ ನಡೆದ ಹುಡುಗಿ ಅವಳು. ಆಮೇಲೆ ಬೇರೆ ಊರಿಗೆ ಬದಲಾಯಿಸಿಕೊಂಡಳು, ಒಂದು ವರ್ಷ ಹೋಯಿತು. ನನ್ನ ಮೇಲೆ ಅವಳಿಗೆ ಬೇಜಾರಿದ್ದರೆ ಅದು ನ್ಯಾಯ.

ನನಗೆ ಮೊದಲೇ ಹೊಳೆಯಬೇಕಿದ್ದ ಉತ್ತರ ನಮ್ಮ ಊರಿನಲ್ಲೇ ಇತ್ತು. ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್. ನಾಲ್ಕು ವರ್ಷ ರೈಲು ಪಾಸ್ ಮಾಡಿಸಿ ಕಾಲೇಜಿಗೆ ಓಡಾಡಿದೆ. ಮಂಡ್ಯದ ಖರ್ಚಿನಲ್ಲಿ ಬದುಕಿ ಮೈಸೂರಿನಲ್ಲಿ ಓದಿದೆ. ಜರ್ಮನಿಯಲ್ಲೂ ಇದು ನಡೆಯುತ್ತದೆ. ಎಲ್ಲಾ ಊರಿನ ಬಸ್, ಟ್ರಾಮ್, ಲೋಕಲ್ ರೈಲುಗಳಿಗೆ ಡಾಯ್ಚ್‌ಲಾಂಡ್ ಟಿಕೆಟ್ ಅಂತ ಒಂದೇ ತಿಂಗಳ ಪಾಸ್ ಇದೆ. 2023ರ ಮೇ ತಿಂಗಳಲ್ಲಿ 49 ಯೂರೋ ಇದ್ದದ್ದು 2025ರ ಜನವರಿಗೆ 58, 2026ರ ಜನವರಿಗೆ 63 ಆಯಿತು. ಎಷ್ಟೋ ಕಡೆ ವಿದ್ಯಾರ್ಥಿಗಳಿಗೆ ಅದಕ್ಕಿಂತ ಕಡಿಮೆ. ಹಾಗಾಗಿ ಊರಿನ ಹೆಸರು ನೋಡಬೇಡಿ, ರೈಲು ದಾರಿ ನೋಡಿ. ಮಾಗ್ಡೆಬುರ್ಗ್‌ನಿಂದ ಫೋಕ್ಸ್‌ವಾಗನ್ ಇರುವ ವೋಲ್ಫ್ಸ್‌ಬುರ್ಗ್ ದೂರವಿಲ್ಲ. ಇಲ್ಮೆನಾವ್ ಇರುವ ರಾಜ್ಯದಲ್ಲೇ ಯೇನಾ ಇದೆ. ಲೆನ್ಸ್, ಗಾಜು ಅಂದರೆ ಜೈಸ್, ಶಾಟ್ ಕಂಪನಿಗಳು ಬೆಳೆದ ಊರದು. ನಿಮ್ಮ ಓದಿಗೆ ಬೇಕಾದ ಕೆಲಸ ಇರುವ ಊರಿಗೆ ಒಂದು, ಒಂದೂವರೆ ಗಂಟೆಯಲ್ಲಿ ತಲುಪುವಂತಿದ್ದರೆ ಸಾಕು. ಕಾರಿನ ಕೆಲಸವೇ ಬೇಕು, ಜರ್ಮನ್ ಕೂಡ ಬರುತ್ತೆ ಅನ್ನುವವರಿಗೆ ಸ್ಟುಟ್‌ಗಾರ್ಟ್ ದುಬಾರಿಯಾದರೂ ಸರಿಯಿರಬಹುದು. ಆದರೆ ಸ್ಟುಡೀರೆಂಡನ್‌ವೆರ್ಕ್ ಅನ್ನೋ ವಿದ್ಯಾರ್ಥಿ ಸೇವಾ ಸಂಸ್ಥೆ ನಡೆಸುವ ಹಾಸ್ಟೆಲ್‌ನಲ್ಲಿ ಕೋಣೆ ಸಿಗುವ ಸೂಚನೆ ಇದ್ದರೆ ಮಾತ್ರ. ಅಡ್ಮಿಷನ್ ಬಂದ ದಿನವೇ ಅದಕ್ಕೆ ಅರ್ಜಿ ಹಾಕಿ. ಕೆಲವು ಊರಿನಲ್ಲಿ ಪತ್ರ ಬರುವ ಮುಂಚೆಯೇ ಹಾಕಬಹುದು.

ಕಾಗದ ಪತ್ರದ್ದು ಸುಲಭ: ಎಪಿಎಸ್, ಅಂದರೆ ನಿಮ್ಮ ಅಂಕಪಟ್ಟಿ, ಡಿಗ್ರಿ ಅಸಲಿ ಅನ್ನೋ ಸರ್ಟಿಫಿಕೇಟ್, ಬೇಗ ಮಾಡಿಸಿ, ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಿ, ಅದಕ್ಕೆ ಮನೆ ಮಾಲೀಕರ ಸಹಿ ಬೇಕು. ಮುಗೀತು.

ಜರ್ಮನ್ ಮಾತ್ರ ಇಲ್ಲೇ ಶುರು ಮಾಡಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿಯಬಹುದು. ಕ್ಲಾಸಿನಲ್ಲಿ ಕಲಿತದ್ದು ಬೀದಿಯಲ್ಲಿ ಕೇಳಿಸಲ್ಲ, ಹೆದರಬೇಡಿ. ನಮ್ಮ ಕಡೆ ಮಾತಿಗೂ ಮಂಗಳೂರು ಮಾತಿಗೂ ಇರುವಷ್ಟೇ ದೂರ ಅಲ್ಲೂ ಇದೆ. ಮುದ್ದೆ ಇಲ್ಲದೆ ಆಗಲ್ಲ ಅನ್ನುವವರು ಶ್ರೀಲಂಕಾ ತಮಿಳರ ಅಂಗಡಿ ಹುಡುಕಿ. ಅಲ್ಲಿ ಕುರಕ್ಕನ್ ಹಿಟ್ಟು ಅಂತ ಮಾರೋದು ನಮ್ಮ ರಾಗಿ ಹಿಟ್ಟೇ. ನನಗೆ ಇದು ಗೊತ್ತಾಗೋಕೆ ಎರಡು ವರ್ಷ ಬೇಕಾಯಿತು. ರಾತ್ರಿ ಹತ್ತರ ಮೇಲೆ ಮಿಕ್ಸಿ ಹಾಕಬೇಡಿ.

ಇನ್ನೊಂದು ಮಾತು ಹೇಳಲೇಬೇಕು. ಓದು ಎರಡು ವರ್ಷ ಅಂತ ಹೋಗುತ್ತೀರಿ. ಮುಗಿದ ಮೇಲೆ ಕೆಲಸ ಹುಡುಕೋಕೆ 18 ತಿಂಗಳು ಕೊಡುತ್ತಾರೆ. ಕೆಲಸ ಸಿಗುತ್ತದೆ, ಮದುವೆ ಆಗುತ್ತದೆ. ಆರಿಸಿದ ಊರಿನಲ್ಲೇ ಮಕ್ಕಳು ಹುಟ್ಟುತ್ತಾರೆ. ನನ್ನ ಮಗಳಿಗೆ ಈಗ ಆರು ವರ್ಷ. ನನ್ನ ಹೆಂಡತಿ ಮೈಸೂರು ಪೇಟೆಯವಳು, ಮಗಳು ಕಲಿತದ್ದು ಅವಳ ಕನ್ನಡ. ಮಂಡ್ಯದಿಂದ ಅಮ್ಮ ಫೋನ್‌ನಲ್ಲಿ "ಉಂಡ್ಯಾ ಕೂಸು?" ಅಂದರೆ ಮಗಳು ನನ್ನ ಮುಖ ನೋಡುತ್ತಿದ್ದಳು. ಊಟ ಆಯ್ತಾ ಅಂತ ಕೇಳುತ್ತಿದ್ದಾರೆ ಅಂತ ನಾನು ಕನ್ನಡದಿಂದ ಕನ್ನಡಕ್ಕೇ ಹೇಳಬೇಕಿತ್ತು. ಅಜ್ಜಿಯ ಮಾತು ನನ್ನ ಬಾಯಲ್ಲಿತ್ತು, ನಾನೇ ಮನೆಯಲ್ಲಿ ಆಡಲಿಲ್ಲ. ಈ ಸಲ ಮೂರು ವಾರ ಇಲ್ಲಿದ್ದು ಅವಳೂ "ಉಂಡೆ ಅಜ್ಜಿ" ಅನ್ನುತ್ತಿದ್ದಾಳೆ. ಪ್ರತಿ ವರ್ಷ ಬರೋಕೆ ಆಗುವುದರಿಂದ ಇದಾಯಿತು.

ಪಾಂಡವಪುರದ ಹುಡುಗನಿಗೆ ಇದನ್ನೆಲ್ಲ ಹೇಳಿ ಕಳಿಸಿದ್ದೆ. ಅಜ್ಜಿಯ ವಿಷಯವನ್ನೂ ಹೇಳಿದೆ. ಇಲ್ಮೆನಾವ್‌ಗೆ ಹೋಗುವುದಾದರೆ ಹೊರಡುವ ಮುಂಚೆ ಜರ್ಮನ್ ಬಿ1, ಅಂದರೆ ದಿನದ ಮಾತುಕತೆ ನಡೆಸುವಷ್ಟು ಮಟ್ಟ, ಮುಗಿಸು ಅಂದೆ. ಮೊನ್ನೆ ಫೋನ್ ಮಾಡಿದ್ದ. ಅಲ್ಲಿನ ಹಾಸ್ಟೆಲ್ಲಿಗೆ ಅರ್ಜಿ ಹಾಕಿದ್ದಾನಂತೆ, ಜರ್ಮನ್ ಕ್ಲಾಸಿಗೂ ಸೇರಿದ್ದಾನಂತೆ. ಅವರಪ್ಪ ಫೋನ್ ಇಸ್ಕೊಂಡು ಒಂದೇ ಮಾತು ಕೇಳಿದರು, "ಅಲ್ಲಿಂದ ಊರಿಗೆ ಬರಕ್ಕೆ ಟಿಕೆಟ್ ಎಷ್ಟಾಯ್ತದಪ್ಪ?"