ಬಣ್ಣ ಬಿಡಿ, ಸಂದು ನೋಡಿ: ಸ್ಟೀಲ್ ರೋಡ್ ಬೈಕ್ ಕಟ್ಟುವುದು ಹೇಗೆ?

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿ.ಮೀ. ಆ ದಾರಿಗೆ ಸಣ್ಣ ಟಯರಿನ ಯಾವ ರೋಡ್ ಬೈಕಾದರೂ ನಡೆಯುತ್ತದೆ. ಫಜೀತಿ ಶುರುವಾಗುವುದು ಹೆದ್ದಾರಿ ಬಿಟ್ಟು ಹಳ್ಳಿ ದಾರಿಗೆ ಇಳಿದಾಗ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿರುತ್ತಾರೆ. ಅಂಚಿಗೆ ಸರಿದರೆ ಬಳ್ಳಾರಿ ಜಾಲಿ ಮುಳ್ಳು. ಮಳೆ ಬಿತ್ತೋ, ಎರೆಮಣ್ಣು.

ನಾನು ಮೊದಲು ಕೊಂಡ ಫ್ರೇಮಿನಲ್ಲಿ ಟಯರಿಗೂ ಬ್ರೇಕಿಗೂ ನಡುವೆ ಬೆಂಕಿಕಡ್ಡಿ ತೂರುವಷ್ಟು ಜಾಗವೂ ಇರಲಿಲ್ಲ. ಭರಮಸಾಗರದ ಆಚೆ ಒಂದು ಎರೆ ಹೊಲದ ದಾರಿಯಲ್ಲಿ ಮಳೆಗೆ ಸಿಕ್ಕಿಬಿದ್ದೆ. ನೂರು ಮಾರು ಹೋಗುವುದರೊಳಗೆ ಚಕ್ರ ನಿಂತೇಹೋಯ್ತು. ಕಡ್ಡಿ ತಗೊಂಡು ಮಣ್ಣು ಕೆರೆದೆ. ಮತ್ತೆ ಹತ್ತು ಮಾರು, ಮತ್ತೆ ಅದೇ ಕಥೆ. ಕೊನೆಗೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಡಾಂಬರು ಮುಟ್ಟಿದೆ. ಅವತ್ತಿನಿಂದ ಯಾವ ಫ್ರೇಮ್ ನೋಡಲು ಹೋದರೂ ಮೊದಲು ಸಂದು ನೋಡುತ್ತೇನೆ. ಬಣ್ಣ, ಸ್ಟಿಕ್ಕರ್, ತೂಕ ಎಲ್ಲ ಆಮೇಲೆ.

ಸ್ಟೀಲೇ ಯಾಕೆ ಅಂತ ಕೇಳಬಹುದು. ಸ್ಟೀಲನ್ನು ಬಗ್ಗಿಸಬಹುದು, ಮತ್ತೆ ನೆಟ್ಟಗೆ ಮಾಡಬಹುದು, ಬೆಸುಗೆ ಹಾಕಬಹುದು. ಕಾರ್ಬನ್, ಅಲ್ಯೂಮಿನಿಯಂ ಫ್ರೇಮುಗಳಲ್ಲಿ ಈ ಆಟ ನಡೆಯುವುದಿಲ್ಲ. ಹಾಗಂತ ಸ್ಟೀಲೆಲ್ಲ ಒಂದೇ ಅಲ್ಲ. ಮನೆ ಮನೆಯಲ್ಲಿದ್ದ ಹಳೇ ಸೈಕಲ್ಲಿನದು ಸಾದಾ ಉಕ್ಕು, ಗಟ್ಟಿ ಆದರೆ ಭಾರ. ರೋಡ್ ಬೈಕಿಗೆ ಬೇಕಾದದ್ದು ಕ್ರೋಮೋಲಿ, ಅಂದರೆ ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಉಕ್ಕು. ಟ್ಯೂಬಿನ ಮೇಲೆ 4130 ಅಂತ ಬರೆದಿದ್ದರೆ ಅದೇ. ಹಳೇ ವಿದೇಶಿ ಫ್ರೇಮಾದರೆ ರೆನಾಲ್ಡ್ಸ್ 531 ಸ್ಟಿಕ್ಕರ್ ಇರಬಹುದು. ಅದು 1935ರಲ್ಲಿ ಬಂದ ಮ್ಯಾಂಗನೀಸ್-ಮಾಲಿಬ್ಡಿನಂ ಉಕ್ಕು, ಇವತ್ತಿಗೂ ಕಳಪೆಯೇನಲ್ಲ. ಸ್ಟಿಕ್ಕರ್ ಕಿತ್ತುಹೋಗಿದ್ದರೆ ಸೀಟು ಕಂಬದ ದಪ್ಪ ಅಳೆಯಿರಿ. 27.2 ಮಿ.ಮೀ. ಇದ್ದರೆ ಟ್ಯೂಬಿನ ಗೋಡೆ ತೆಳು, ಉಕ್ಕು ಒಳ್ಳೆಯದಿರುವ ಸಂಭವ ಜಾಸ್ತಿ. ಸುಮ್ನೆ ಅಯಸ್ಕಾಂತ ಹಿಡಿದು ನೋಡಿದರೆ ಸ್ಟೀಲ್ ಹೌದೋ ಅಲ್ಲವೋ ಅಷ್ಟೇ ಗೊತ್ತಾಗುತ್ತದೆ.

ಟೇಪು, ವರ್ನಿಯರ್, ಒಂದು ಮೊಳ ದಾರ ಅಲ್ಲ, ಮೂರು ಮೀಟರ್ ದಾರ

ಫ್ರೇಮ್ ನೋಡಲು ಹೋಗುವಾಗ ಇವು ಕೈಯಲ್ಲಿರಲಿ.

ಮೊದಲು ನಿಮ್ಮ ಅಳತೆ. ಗೋಡೆಗೆ ಒರಗಿ ಬರಿಗಾಲಲ್ಲಿ ನಿಂತು, ಒಂದು ದಪ್ಪ ಪುಸ್ತಕವನ್ನು ಕಾಲ ಸಂದಿಗೆ ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿಗೆ ಅಳೆಯಿರಿ. ಅದನ್ನು 0.65ರಿಂದ ಗುಣಿಸಿ. 80 ಸೆಂ.ಮೀ. ಇದ್ದರೆ 52 ಸೆಂ.ಮೀ. ಫ್ರೇಮ್. ಇದು ಮೇಲಿನ ಟ್ಯೂಬ್ ನೆಲಕ್ಕೆ ಸಮನಾಗಿರುವ ಹಳೇ ನಮೂನೆಗೆ ಹೊಂದುವ ಲೆಕ್ಕ. ಪೆಡಲ್ ತಿರುಗುವ ಜಾಗದ ನಡುವಿನಿಂದ ಮೇಲಿನ ಟ್ಯೂಬಿನ ನಡುವಿಗೆ ಅಳೆಯಬೇಕು. ಇಳಿಜಾರು ಟ್ಯೂಬಿನ ಹೊಸ ಫ್ರೇಮಾದರೆ ಈ ಲೆಕ್ಕ ಬಿಟ್ಟು, ಸೀಟಿನಿಂದ ಹ್ಯಾಂಡಲಿಗೆ ಎಷ್ಟು ದೂರ ಅನ್ನುವುದನ್ನೇ ನೋಡಿ.

ಆಮೇಲೆ ಸಂದು. 700ಸಿ ಚಕ್ರಕ್ಕೆ (ರೋಡ್ ಬೈಕಿನ ಮಾಮೂಲಿ ಅಳತೆ) 32 ಮಿ.ಮೀ. ಟಯರ್ ಹಾಕಿದಾಗ ಎರಡೂ ಬದಿಗೆ, ಮೇಲಕ್ಕೆ ಕನಿಷ್ಠ 5 ಮಿ.ಮೀ. ಉಳಿಯಬೇಕು. ಮಡ್‌ಗಾರ್ಡ್ ಹಾಕುವುದಾದರೆ ಇನ್ನೂ ಬೇಕು. ಪೆಡಲ್ ಹತ್ತಿರದ ಎರಡು ಹಿಂಗಾಲು ಟ್ಯೂಬುಗಳ ನಡುವೆಯೇ ಹೆಚ್ಚಾಗಿ ಇಕ್ಕಟ್ಟು, ಅಲ್ಲಿ ಅಳೆಯದೆ ದುಡ್ಡು ಕೊಡಬೇಡಿ. ಬ್ರೇಕ್ ಬೋಲ್ಟಿನ ತೂತಿನಿಂದ ರಿಮ್ಮಿನಲ್ಲಿ ರಬ್ಬರ್ ಕೂರುವ ಜಾಗಕ್ಕೆ 47ರಿಂದ 57 ಮಿ.ಮೀ. ಬಂದರೆ ಉದ್ದ ತೋಳಿನ ಕ್ಯಾಲಿಪರ್ ಬ್ರೇಕ್ ಕೂರುತ್ತದೆ. ನಮ್ಮ ಕಡೆಗೆ ಅದು ಹೇಳಿ ಮಾಡಿಸಿದ್ದು. 39ರಿಂದ 49 ಬಂದರೆ ಅದು ರೇಸಿಂಗ್ ಫ್ರೇಮು, ನನ್ನದೇ ಕಥೆ ನಿಮ್ಮದಾಗುತ್ತದೆ. ಹಿಂದಿನ ಆಕ್ಸಲ್ ಹತ್ತಿರ ಕ್ಯಾರಿಯರ್, ಮಡ್‌ಗಾರ್ಡ್ ಸಿಕ್ಕಿಸುವ ಸಣ್ಣ ತೂತುಗಳಿವೆಯಾ ನೋಡಿ. ಚೀಲ ಕಟ್ಟಿಕೊಂಡು ವಾಣಿವಿಲಾಸ ಸಾಗರದವರೆಗೆ ಹೋಗಿ ಒಂದು ರಾತ್ರಿ ಉಳಿದು ಬರುವ ಆಸೆಯಿದ್ದರೆ ಆ ತೂತು ಬೇಕೇಬೇಕು.

ಮೂರನೆಯದು ಹಿಂದಿನ ಚಕ್ರ ಕೂರುವ ಅಗಲ. 6-7 ಗೇರಿನ ಹಳೇ ಫ್ರೇಮಿನಲ್ಲಿ ಇದು 126 ಮಿ.ಮೀ. 8ರಿಂದ 11 ಗೇರಿನ ಬ್ಲಾಕು (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಕೂರುವ ರೋಡ್ ಹಬ್ಬಿಗೆ, ಅಂದರೆ ಚಕ್ರದ ನಡುವಿನ ಭಾಗಕ್ಕೆ, 130 ಬೇಕು. ಹಳೇ ನಮೂನೆಯ ಎಂಟಿಬಿ (ಮೌಂಟನ್ ಬೈಕ್) ಹಬ್ಬಿಗೆ 135. 126ರ ಫ್ರೇಮನ್ನು ಕೈಯಲ್ಲೇ ಹಿಗ್ಗಿಸಿ 130ರ ಹಬ್ಬನ್ನು ಕೂರಿಸಬಹುದು, ಬದಿಗೆ ಎರಡೇ ಮಿ.ಮೀ. ತಾನೆ? ಅದಕ್ಕಿಂತ ಜಾಸ್ತಿಯಾದರೆ ಫ್ರೇಮನ್ನೇ ನಿಧಾನವಾಗಿ ಬಗ್ಗಿಸಿ ಅಗಲ ಮಾಡಬೇಕು. ಸ್ಟೀಲಿಗೆ ಮಾತ್ರ ಈ ಚಿಕಿತ್ಸೆ. ಅಲ್ಯೂಮಿನಿಯಂ ಮೇಲೆ ಪ್ರಯೋಗ ಮಾಡಿದರೆ ಬಿರುಕು ಗ್ಯಾರಂಟಿ ಅಂದ್ಕೊಳ್ಳಿ.

ಈಗ ದಾರ. ಹಿಂದಿನ ಎಡ ಆಕ್ಸಲ್ ಕಚ್ಚಿಗೆ ಒಂದು ತುದಿ ಕಟ್ಟಿ. ದಾರವನ್ನು ಮುಂದೆ ಹ್ಯಾಂಡಲ್ ಕೂರುವ ಟ್ಯೂಬನ್ನು ಸುತ್ತಿಸಿ, ವಾಪಸ್ ಬಲ ಕಚ್ಚಿಗೆ ತಂದು ಬಿಗಿಯಾಗಿ ಕಟ್ಟಿ. ಸೀಟಿನ ಟ್ಯೂಬಿನಿಂದ ದಾರ ಎರಡೂ ಬದಿಗೆ ಎಷ್ಟು ದೂರವಿದೆ ಅಳೆಯಿರಿ. ಸಮ ಬಂದರೆ ಫ್ರೇಮ್ ನೆಟ್ಟಗಿದೆ. ಒಂದೆರಡು ಮಿ.ಮೀ. ಹೆಚ್ಚುಕಮ್ಮಿಯಾದರೆ ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕೈದು ಬಂದರೆ ಚೌಕಾಸಿ ಮಾಡಿ, ಇಲ್ಲಾ ಎದ್ದು ಬನ್ನಿ.

ಹಳೇ ಫ್ರೇಮಾದರೆ ಇನ್ನೊಂದು ಕೆಲಸ. ಮುಂದಿನ ಟ್ಯೂಬಿನ ಹಿಂದೆ, ಮೇಲಿನ ಮತ್ತು ಕೆಳಗಿನ ಟ್ಯೂಬುಗಳ ಅಡಿಗೆ ಬೆರಳು ಆಡಿಸಿ. ಬಣ್ಣದಡಿ ಸಣ್ಣ ಏರು, ಸುಕ್ಕು ಸಿಕ್ಕರೆ ಆ ಸೈಕಲ್ ಎಲ್ಲೋ ಮುಖ ಗುದ್ದಿಕೊಂಡಿದೆ ಅಂತ ಅರ್ಥ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಸೀಟು ಕಂಬ ಮೇಲೆ ಕೆಳಗೆ ಸರಿಯುತ್ತದೆಯಾ ಅಂತಲೂ ನೋಡಿ. ಸ್ಟೀಲ್ ಟ್ಯೂಬಿನಲ್ಲಿ ಅಲ್ಯೂಮಿನಿಯಂ ಕಂಬ ಗ್ರೀಸಿಲ್ಲದೆ ವರ್ಷಗಟ್ಟಲೆ ಕೂತರೆ ಎರಡೂ ಅಂಟಿಕೊಂಡುಬಿಡುತ್ತವೆ. ಅಂಥದ್ದನ್ನು ಬಿಡಿಸಲು ನಾನು ಎರಡು ಭಾನುವಾರ ಕಳೆದಿದ್ದೇನೆ.

ಬಣ್ಣ ಮತ್ತು ಎಣ್ಣೆ

ಪೌಡರ್ ಕೋಟಿಂಗ್ ಮಾಡುವವರು ದಿನವೂ ಗೇಟು, ಗ್ರಿಲ್ಲು ಮಾಡಿ ರೂಢಿಯಾದವರು. ಹೇಳದಿದ್ದರೆ ಥ್ರೆಡ್ಡಿನ ಮೇಲೂ ಬಣ್ಣ ಕೂರಿಸಿ ಕೊಡುತ್ತಾರೆ. ಎಲ್ಲ ತೂತಿಗೂ ಹಳೇ ಬೋಲ್ಟ್ ಸಿಕ್ಕಿಸಿ, ಪೆಡಲ್ ಜಾಗಕ್ಕೆ ಹಳೇ ಬೇರಿಂಗ್ ಕಪ್ ತಿರುಗಿಸಿಯೇ ಫ್ರೇಮ್ ಕೊಡಿ.

ತುಕ್ಕು ತಿನ್ನುವುದು ಒಳಗಿನಿಂದ. ಪೇಂಟ್ ಅಂಗಡಿಯಲ್ಲಿ ಸಿಗುವ ಕುದಿಸಿದ ಅಗಸೆ ಎಣ್ಣೆಯನ್ನು (ಅಡುಗೆಯದಲ್ಲ) ಟ್ಯೂಬಿನೊಳಗೆ ಸುರಿದು, ಫ್ರೇಮನ್ನು ಎಲ್ಲ ಕಡೆ ಹೊರಳಿಸಿ, ಹೆಚ್ಚಿನದು ಸೋರಿಹೋಗಲು ಬಿಡಿ. ಒಣಗಿದರೆ ಒಳಗೆ ಪದರ ಕಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ.

ಜೋಡಣೆ

ಮೊದಲು ಪೆಡಲ್ ಜಾಗದ ಬೇರಿಂಗ್, ಅಂದರೆ ಬಿ.ಬಿ. (ಬಾಟಮ್ ಬ್ರಾಕೆಟ್). ಅದು ಕೂರುವ ಟ್ಯೂಬಿನ ಅಗಲ 68 ಮಿ.ಮೀ. ಇದ್ದರೆ ಸಾಮಾನ್ಯವಾಗಿ ಅದು ಬಿಎಸ್‌ಎ (ಇಂಗ್ಲಿಷ್) ಥ್ರೆಡ್, ಸಾಮಾನು ಸುಲಭವಾಗಿ ಸಿಗುತ್ತದೆ. 70 ಇದ್ದರೆ ಇಟಾಲಿಯನ್, ಹುಡುಕಾಟ ಶುರು. ಬಿಎಸ್‌ಎಯಲ್ಲಿ ಬಲಗಡೆ ಕಪ್ ಉಲ್ಟಾ ಥ್ರೆಡ್. ನಾನು ಮೊದಲ ಸಲ ಪಾನ ಹಾಕಿ ಜಗ್ಗಿದ್ದೇ ಜಗ್ಗಿದ್ದು. ಬಿಚ್ಚುತ್ತಿದ್ದೇನೆ ಅಂದ್ಕೊಂಡು ಬಿಗಿ ಮಾಡುತ್ತಿದ್ದೆ! ಸೈಕಲ್ ಶಾಪಿನ ಹಿರಿಯರು ನೋಡಿ ನಕ್ಕರು: “ಅದು ಎಡಕ್ಕಲ್ರಿ, ಬಲಕ್ಕೆ ತಿರುಗಿಸ್ರಿ.” ಎಡ ಪೆಡಲ್ಲಿನದೂ ಹೀಗೇ ಉಲ್ಟಾ. ಎಲ್ಲ ಥ್ರೆಡ್ಡಿಗೂ ಗ್ರೀಸ್ ಹಚ್ಚಿ, ಸೀಟು ಕಂಬಕ್ಕೆ ಮರೆಯದೆ ಹಚ್ಚಿ.

ಫೋರ್ಕ್ ತಿರುಗುವ ಬೇರಿಂಗ್, ಅಂದರೆ ಹೆಡ್‌ಸೆಟ್, ಅದರ ಕಪ್‌ಗಳನ್ನು ಸುತ್ತಿಗೆಯಲ್ಲಿ ಬಡಿಯಬೇಡಿ. ಹಾರ್ಡ್‌ವೇರ್ ಅಂಗಡಿಯಿಂದ ಉದ್ದ ಥ್ರೆಡ್ ರಾಡು, ಎರಡು ನಟ್ಟು, ನಾಲ್ಕು ದಪ್ಪ ವಾಷರ್ ತನ್ನಿ. ರಾಡನ್ನು ಟ್ಯೂಬಿನೊಳಗೆ ತೂರಿಸಿ ಎರಡೂ ಕಡೆಯಿಂದ ನಟ್ಟು ಬಿಗಿ ಮಾಡುತ್ತ ಬಂದರೆ ಕಪ್ ನೆಟ್ಟಗೆ ಇಳಿಯುತ್ತದೆ.

ಚಕ್ರ 700ಸಿ, ಅಂದರೆ ರಿಮ್ಮಿನ ಮೇಲೆ 622 (ಟಯರ್ ಕೂರುವ ಜಾಗದ ವ್ಯಾಸ, ಮಿ.ಮೀ.ನಲ್ಲಿ). ಇಲ್ಲೊಂದು ಮೋಸವಿದೆ. ಅಂಗಡಿಯಲ್ಲಿ “28 ಇಂಚು ಟಯರ್ ಕೊಡಿ” ಅಂದರೆ ಹಾಲಿನವರ ಸೈಕಲ್ಲಿನ 28 x 1½ ಕೊಡುತ್ತಾರೆ. ಅದು 635, ನಿಮ್ಮ ರಿಮ್ಮಿಗೆ ಕೂರುವುದಿಲ್ಲ. ಇಂಚು ಮರೆತು 622 ಅಂಕಿ ಓದಿ ತನ್ನಿ. ಮುಳ್ಳು ತಡೆಯುವ ಪದರವಿರುವ ಟಯರೇ ಬೇಕು, ಈ ವಿಷಯದಲ್ಲಿ ಕಂಜೂಸಿತನ ಬೇಡ.

ಗೇರಿಗೆ 8 ಸ್ಪೀಡ್ ಸಾಕು. ಚೈನು, ಬ್ಲಾಕು ಅಗ್ಗ, ತಾಳಿಕೆಯೂ ಹೆಚ್ಚು. ಮುಂದೆ 50/34 ಹಲ್ಲು, ಹಿಂದೆ 11-32 ಹಲ್ಲು. ಮುಂದೆ 34, ಹಿಂದೆ 32 ಹಲ್ಲಿಗೆ ಹಾಕಿದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಎರಡೂಕಾಲು ಮೀಟರ್ ಮುಂದೆ ಹೋಗುತ್ತದೆ. ಜೋಗಿಮಟ್ಟಿ ಕಡೆಯ ಏರಿನಲ್ಲಿ ಮೊಣಕಾಲು ಉಳಿಸುವುದು ಇದೇ. ಚೈನಿನ ಉದ್ದಕ್ಕೆ ಲೆಕ್ಕ ಬೇಡ. ಗೇರ್ ಬದಲಿಸುವ ಡಿರೇಲರ್ ಒಳಗೆ ತೂರಿಸದೆ, ಮುಂದಿನ ದೊಡ್ಡ ಹಲ್ಲುಚಕ್ರಕ್ಕೂ ಹಿಂದಿನ ದೊಡ್ಡದಕ್ಕೂ ನೇರ ಸುತ್ತಿ, ಒಂದು ಇಂಚು ಜಾಸ್ತಿ ಇಟ್ಟು ಕತ್ತರಿಸಿ.

ಸೀಟಿನ ಎತ್ತರಕ್ಕೆ (ಪೆಡಲ್ ತಿರುಗುವ ಜಾಗದ ನಡುವಿನಿಂದ ಸೀಟಿನ ಮೇಲಕ್ಕೆ) ಕಾಲಿನ ಅಳತೆಯನ್ನು 0.883ರಿಂದ ಗುಣಿಸಿ. 80 ಸೆಂ.ಮೀ.ಗೆ 70.6 ಬರುತ್ತದೆ. ಅಲ್ಲಿಂದ ಶುರು ಮಾಡಿ, ಆಮೇಲೆ ನಿಮ್ಮ ಮೊಣಕಾಲು ಹೇಳಿದಂತೆ. ಹ್ಯಾಂಡಲ್ಲು, ಟೇಪು ನಿಮ್ಮ ಇಷ್ಟ. ಗಾಳಿ ಮಾತ್ರ 32 ಮಿ.ಮೀ. ಟಯರಿಗೆ 50-60 ಪಿಎಸ್‌ಐ, ಕಲ್ಲಿನ ಹಾಗೆ ಹೊಡೆಸಬೇಡಿ.

ಮೊದಲ ಸವಾರಿ ಕೊಂಡಜ್ಜಿ ಕೆರೆವರೆಗೆ ಇರಲಿ. ಕ್ರ್ಯಾಂಕ್ (ಪೆಡಲ್ ತೋಳು) ಬೋಲ್ಟ್ ಮೊದಲ ಓಟದಲ್ಲೇ ಸ್ವಲ್ಪ ಸಡಿಲವಾಗಬಹುದು, ಹಾಗೇ ಓಡಿಸಿದರೆ ತೋಳಿನ ತೂತು ಹಾಳು. 8 ಮಿ.ಮೀ. ಅಲೆನ್ ಕೀ ಜೇಬಿನಲ್ಲಿಟ್ಟುಕೊಂಡು ಹೋಗಿ, ಕೆರೆ ಏರಿಯ ಮೇಲೆ ಕೂತು ಒಂದು ಸಲ ಬಿಗಿ ಮಾಡಿ. ವಾಪಸ್ ಬಂದು ರಿಮ್ ಬೆಂಡ್ ತೆಗೆಸಿ, ಬೆಣ್ಣೆ ದೋಸೆ ಅದಾದ ಮೇಲೆ.